ಒಲೆ ಪಕ್ಕದ ಕೂಸು

ಹೊನ್ನಾಳಿ ಬಸ್‌ ಸ್ಟ್ಯಾಂಡಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದ ಆಮಿನಾಳ ಪಕ್ಕದಲ್ಲಿ ಒಬ್ಬ ಹುಡುಗಿ, ಅವಳ ದೊಡ್ಡಮ್ಮ ಕೂತಿದ್ದರು. ಹಳೇ ಊರುಗಳನ್ನು ಅಗೆದಾಗ ಸಿಗುವ ಪ್ರಾಣಿಗಳ ಎಲುಬನ್ನು ಪರೀಕ್ಷೆ ಮಾಡುವುದು ಹುಡುಗಿಯ ಕೆಲಸವೆಂದು ಮಾತಿನಲ್ಲೇ ತಿಳಿಯಿತು.

“ಕುರಿಮರಿ ಎಲುಬು ಅಂತ ಕೊಟ್ಟಿದ್ರು ದೊಡ್ಡಮ್ಮ. ತೊಳೆದು ನೋಡಿದ್ರೆ ಮನುಷ್ಯರ ಕೂಸಿಂದು. ಆಗಷ್ಟೇ ಹುಟ್ಟಿದ್ದು.”

“ಶಿವನೇ! ಪೊಲೀಸ್ರಿಗೆ ಹೇಳಿದ್ರೇನೇ?”

“ಎರಡು ಸಾವಿರ ವರ್ಷದ ಹಿಂದಿಂದು. ಯಾರ ಮೇಲೆ ದೂರು ಕೊಡಾಕೆ ಆಗುತ್ತೆ?”

“ತಿಪ್ಪೆಗೆ ಎಸೆದಿದ್ರಾ?”

“ಇಲ್ಲ, ಮನೆಯೊಳಗೇ ಹೂಳಿದ್ರು. ಒಲೆ ಪಕ್ಕ, ಗಡಿಗೇಲಿ ಇಟ್ಟು.”

“ಮನೆಯೊಳಗಾ?”

“ಹೂಂ. ಅವ್ವನ ಹತ್ರಾನೇ ಇರ್ಲಿ ಅಂತೇನೋ.”

ದೊಡ್ಡಮ್ಮ ನೆಲ ನೋಡುತ್ತಲೇ ಅಂದಳು.

“ನಂದನ್ನ ನಿಮ್ಮಜ್ಜಿ ಬಟ್ಟೇಲಿ ಸುತ್ಕೊಂಡು ಹೋದ್ರು. ಎಲ್ಲಿ ಹೂಳಿದ್ರು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.”

ಆಮಿನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ದೊಡ್ಡಮ್ಮ, ನಿಂಗೆ ಕೂಸು ಹುಟ್ಟಿತ್ತಾ? ನಮಗ್ಯಾರೂ ಹೇಳೇ ಇಲ್ವಲ್ಲ!”

“ಹೆಣ್ಣು. ಮುಖಾನೂ ತೋರಿಸ್ಲಿಲ್ಲ.”

ಚನ್ನಗಿರಿ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಹುಡುಗಿ ಮಾತ್ರ ಕೂತಲ್ಲೇ ಇದ್ದಳು. ದೊಡ್ಡಮ್ಮನೇ ಅವಳ ಕೈ ಹಿಡಿದು ಎಬ್ಬಿಸಿದಳು.

“ಆ ಕೂಸನ್ನ ಎಲ್ಲಿಟ್ಟೀಯೇ?”

“ಹತ್ತಿ ಹಾಸಿ, ಬೇರೆ ಡಬ್ಬೀಲಿ.”

“ನಂಗೊಂದ್ಸಲ ತೋರಿಸ್ತೀಯಾ?”

ಹುಡುಗಿ ಆಗಲಿ ಎಂಬಂತೆ ತಲೆಯಾಡಿಸುತ್ತಾ, ದೊಡ್ಡಮ್ಮನನ್ನು ಮುಂದೆ ಬಿಟ್ಟುಕೊಂಡು ಬಸ್ಸು ಹತ್ತಿದಳು.