ಹದಿನಾಲ್ಕನೇ ನಂಬರಿನ ಸ್ವೆಟರು

ಪ್ಯಾಂಟೊಂದರ ಅಂಚು ಮಡಚಿ ಹೊಲಿಯುತ್ತಿದ್ದೆ. ವೃದ್ಧಾಶ್ರಮದಲ್ಲಿ ಬಟ್ಟೆ ಅದಲುಬದಲಾಗದಿರಲೆಂದು, ತಾಯಿಯ ಬಟ್ಟೆಗಳಿಗೆಲ್ಲ ಹದಿನಾಲ್ಕನೇ ನಂಬರಿನ ಪಟ್ಟಿ ಹಾಕಿಸಲು ಮಗಳೊಬ್ಬಳು ಅವರನ್ನೂ ಕರೆದುಕೊಂಡು ನನ್ನ ಅಂಗಡಿಗೆ ಬಂದಿದ್ದಳು.

“ಎರಡೇ ವಾರ ಅಮ್ಮ. ನಿನ್ನ ಕಾಲು ಸರಿಹೋಗೋವರೆಗೆ.”

“ಎರಡು ವಾರಕ್ಕೆ ಸ್ವೆಟರ್ ಯಾಕೆ? ಚಳಿಗಾಲಕ್ಕೆ ಇನ್ನೂ ಐದು ತಿಂಗಳಿದೆ.”

“ಇರಲಿ ಅಂತ ತಂದೆ.”

“ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೋಳು ಕಣೇ ನಾನು. ನನ್ನ ಕಿವಿಗೇ ಹೂವಿಡ್ತೀಯಾ?”

“ಮೂರು ಸಲ ಬಿದ್ದೆಯಲ್ಲಮ್ಮ. ಕೆಲಸಕ್ಕೆ ಹೋದ್ರೂ ನನ್ನ ಜೀವ ಮನೇಲೇ ಇರುತ್ತೆ.”

“ಅದನ್ನ ಮೊದಲೇ ಹೇಳಿದ್ರೆ ಈ ಪಟ್ಟಿಗಳನ್ನ ನಾನೇ ಹೊಲ್ಕೋತಿದ್ದೆ.”

ಮಗಳು ಬಟ್ಟೆಗಳನ್ನು ನನ್ನ ಮುಂದೆ ಸರಿಸಿದಳು. ಅವಳ ತೋಳು ಹಿಡಿದು ತಾಯಿ ಮೆಟ್ಟಿಲಿಳಿದರು.

ನಾನು ಮೆಷಿನ್ ಬಿಟ್ಟು ಸೂಜಿ ತೆಗೆದುಕೊಂಡೆ. ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವಂತೆ, ಸ್ವೆಟರಿನ ಪಟ್ಟಿಯನ್ನು ಕೈಯಲ್ಲೇ ಸಡಿಲವಾಗಿ ಹೊಲಿದೆ.