ತುಂಬಲಾರದ ಕುಣಿ

...ನಗಬ್ಯಾಡ್ರಿ, ಆಗ ಪಾಯಖಾನಿ ಅಂದ್ರ ದೊಡ್ಡ ಮಾತು. ನಮ್ಮ ಶಹಾಬಾದ ಕಡಿ ಹೆಣ್ಮಕ್ಕಳು ಚರಗಿ ಹಿಡ್ಕೊಂಡು ಹೊಲಕ್ಕೇ ಹೋಗೋರು. ಹೊಲದಾಗ ಬಿದ್ದದ್ದು ಉಳೀತಿರ್ಲಿಲ್ಲ, ನೋಡ್ರಿ. ಹೆಂಡಿ ಹುಳ ಉಂಡಿ ಮಾಡಿ ಉಳ್ಳಿಸ್ಕೊಂಡು ಹೋಗಿ ಮಣ್ಣಾಗ ಹುಗೀತಿದ್ವು, ಉಳಿದದ್ದು ಬಿಸಿಲಿಗಿ ಒಣಗ್ತಿತ್ತು, ಮುಂದ ಅಲ್ಲೇ ಜೋಳ ಏಳ್ತಿತ್ತು. ರಜಾಕಾರರ ಗದ್ದಲ ಮುಗೀತಲ್ಲ, ಆ ವರ್ಷ, ಅಲ್ಲಲ್ಲ, ಮರುವರ್ಷ, ಮಳಿ ಹತ್ತೋ ಮುಂದ ನಾ ಬಾಣಂತಿ. ನಮ್ಮ ಮಾವ, ಅಂದ್ರ ನಿಮ್ಮ ಮುತ್ಯಾನ ಅಪ್ಪ, ಫರ್ಸಿ ಖಣ್ಯಾಗ ಕಲ್ಲು ಎಬ್ಬಸೋರು. ಫರ್ಸಿ ಅಂದ್ರ ಈಗ ನೀವು ಕುಂತೀರಲ್ಲ, ಇದೇ ಹಾಸುಗಲ್ಲು. ನೆಲದಾಗ ರೊಟ್ಟಿ ಒಂದರ ಮ್ಯಾಲೊಂದು ಇಟ್ಟಂಗ ಇರ್ತಾವ, ನಡುವ ಸಂದಿ. "ಹಸಿ ಮೈ ಅದ, ಹೊಲಕ್ಕ ಹೋಗಬ್ಯಾಡ ಯವ್ವಾ" ಅಂತ ನನ್ನ ಸಲಿಂದ ಹಿತ್ತಲದಾಗ ತಾವೇ ಕಲ್ಲು ಕಡದು ಕುಣಿ ತೋಡಿದ್ರು. ಓಣ್ಯಾಗ ಅದೇ ಮೊದಲನೇ ಪಾಯಖಾನಿ.

ಆ ಕುಣಿ ತುಂಬಲೇ ಇಲ್ಲ. ಮಳಿಗಾಲ ಹೋಯ್ತು, ಮನಿ ಮಂದಿ ಎಲ್ಲಾ ಅಲ್ಲೇ ಹೋಗಾಕತ್ತಿದ್ರು, ಆದ್ರೂ ತುಂಬಲಿಲ್ಲ. ಮಾವ ಓಣಿ ಮಂದಿನ್ನ ಕರ್ಕೊಂಡು ಬಂದು ತೋರಸೋರು, "ನೋಡ್ರಿ, ಹ್ಯಾಂಗ ನುಂಗ್ತದ." ಅತ್ತಿ ಒಳಗಿಂದ, "ಸಾಕ್ ಬರ್ರಿ, ಗುಡಿ ಕಟ್ಟಿಸಿದೋರಂಗ ಮಾಡ್ತೀರಿ" ಅನ್ನೋರು. ಅಷ್ಟರಾಗ ಕೂಸಿಗಿ ವಾಂತಿ-ಭೇದಿ ಹತ್ತಿತು. ಸೊರಗಿ ಸೊರಗಿ ಅಳೋ ಶಕ್ತಿನೂ ಉಳೀಲಿಲ್ಲ. ದೃಷ್ಟಿ ತೆಗೆದ್ವಿ, ಬಜಿ ಬೇರು ತೇದು ಹಾಕಿದ್ವಿ, ಚಮಚಾದಿಂದ ನೀರು ಕುಡಸಿದ್ವಿ. ನಮ್ಮ ಹಿತ್ತಲ ಬಾವಿ ನೀರೇ.

ದೀಪಾವಳಿಗಿ ಗ್ವಾಡಿಗಿ ಸುಣ್ಣ ಬಳದ್ವಿ. ಸುಣ್ಣ ಬೆಳ್ಳಗ ಕಾಣ್ಲಿ ಅಂತ ಅದರಾಗ ನೀಲಿ ಕಲಸ್ತಿದ್ರು ಆಗ. ಉಳಿದ ನೀಲಿ ನೀರು ಅತ್ತಿ ಆ ಕುಣ್ಯಾಗ ಸುರವಿದ್ರು. ಮರುದಿನ ಮುಂಜಾನಿ ನಾ ಬಾವ್ಯಾಗ ಕೊಡ ಬಿಟ್ಟು ಸೇದಿದೆ. ನೀರು ನೀಲಿ. ಕಣ್ಣು ಒರಸ್ಕೊಂಡು ಮತ್ತ ಸೇದಿದೆ. ಅದೂ ನೀಲಿ. ಮಾವನ್ನ ಕೂಗಿದೆ. ಮಾವ ಬಂದು ಕೊಡ ನೋಡಿದ್ರು, ಕುಣಿ ಕಡಿ ನೋಡಿದ್ರು, ಮತ್ತ ಕೊಡ ನೋಡಿದ್ರು. "ಯವ್ವಾ, ಸಂದಿ ಹಿಡದು ಬಂದದ" ಅಂದ್ರು. ದಿನಾ ಆ ಸಂದಿಗೇ ಉಳಿ ಇಟ್ಟು ಬಡಿಯೋ ಮನಷ್ಯಾ, ಕುಣಿ ತೋಡೋ ಮುಂದ ಅವರಿಗೇ ಅದು ಹೊಳೀಲಿಲ್ಲ. ನಮ್ಮ ಹೊಲಸು ನಾವೇ ಕುಡದಿದ್ವಿ, ಕೂಸಿಗೂ ಕುಡಸಿದ್ವಿ. ಮಣ್ಣಿದ್ರ ಸೋಸ್ತಿತ್ತು, ಹುಳ ತಿಂತಿದ್ವು. ಕಲ್ಲಿನ ಸಂದ್ಯಾಗ ಯಾರು ಸೋಸೋರು?

ಅವತ್ತೇ ಕುಣಿ ಮುಚ್ಚಿದ್ರು. ಹಳ್ಳದಾಚೆ ಬಾವಿಲಿಂದ ಮಾವ ತಾವೇ ನೀರು ಹೊತ್ತು ತರೋರು, ನಾ ಕಾಸಿ ಆರಿಸಿ ಕೂಸಿಗಿ ಹಾಕ್ತಿದ್ದೆ. ಉಳೀತು ಕೂಸು. ಅಗೋ, ಅಲ್ಲಿ ಕುಂತು ಮೀಸಿ ತಿರವ್ಲಿಕತ್ತಾನಲ್ಲ, ನಿಮ್ಮಪ್ಪ, ಅಂವನೇ. ಈಗ ಏಳ್ರಿ. ಬಚ್ಚಲ ಹೊಲಸು ನೀರು ಹಿತ್ತಲದಾಗ ಸುರವಿ ಬಂದೀರಲ್ಲ, ಅದು ಎಲ್ಲಿಗಿ ಹೋಗ್ತದ ನೋಡಿ ಬರ್ರಿ, ಆಮ್ಯಾಲ ಊಟ.