ಡಬ್ಬಿಯೊಳಗಿನ ಬಲ್ಬು

ಇದು ನಮ್ಮ ಪಕ್ಕದ ಮನೆ ಮುದಸ್ಸಿರ್‌ಗೆ ಆದದ್ದು. ಕತೆ ಅಲ್ಲ. ನನ್ನ ಎದುರಿಗೆ ಕೂತು ಹೇಳಿದ್ದು.

ಮುದಸ್ಸಿರ್ ದಾವಣಗೆರೆಯಾಗೆ ಸಿಗ್ನಲ್ ದೀಪ ರಿಪೇರಿ ಮಾಡೋನು, ಒಬ್ಬ ಗುತ್ತಿಗೆದಾರನ ಕೈಕೆಳಗೆ. ಆವತ್ತು ರಾತ್ರಿ ಒಂಬತ್ತು ದಾಟಿತ್ತು. ದೇವರಾಜ ಅರಸು ಬಡಾವಣೆಗೆ ನಡಕೊಂಡು ಬರತಿದ್ದ. ಹರಿಹರದ ರಸ್ತೆ ಬಂದು ಕೂಡೋ ಕಡೆ ಒಂದು ಆಲದ ಮರ ಐತೆ. ಬುಡಕ್ಕೆ ಸಿಗ್ನಲ್ ದೀಪ ನಡೆಸೋ ಕಬ್ಬಿಣದ ಡಬ್ಬಿ. ಅಲ್ಲೇ, ತಿಂಗಳ ಹಿಂದೆ, ನನ್ನ ಹೆಂಡ್ತಿ ರಂಗವ್ವ ಲಾರಿಗೆ ಸಿಕ್ಕು ಹೋದಳು.

ಹೆಂಗಸು ಸಿಗ್ನಲ್ ನೋಡದೆ ಓಡಿದಳು ಅಂತ ಪೊಲೀಸರು ಬರಕೊಂಡರು. ಲಾರಿಯವನು, ನನಗೆ ಕೆಂಪು ಹತ್ತಿರಲೇ ಇಲ್ಲ ಅಂದ. ಗುತ್ತಿಗೆದಾರ ಡಬ್ಬಿಯೊಳಗಿನ ದಾಖಲೆ ತೋರಿಸಿದ. ಕೆಂಪು ದೀಪ ಕೆಟ್ಟಿಲ್ಲ ಅಂತಿತ್ತು. ಹಂಗಾದರೆ ಲಾರಿಗೆ ಹಸಿರೇ ಇತ್ತು ಅಂತ ಲೆಕ್ಕ ಹಾಕಿದರು. ಆ ಕಾಗದಕ್ಕೆ ಸಹಿ ಮಾಡು ಅಂದರು ನನಗೆ. ಮಾಡಲಿಲ್ಲ. ಮೂವತ್ತು ವರ್ಷ ಆಕಿ ಕೂಡ ಬಾಳೀನಿ. ಎಮ್ಮೆ ಬಂದರೂ ನಿಂತು ದಾರಿ ಬಿಡೋಳು... ಓಡೋಳಲ್ಲ.

ಮುದಸ್ಸಿರ್ ಮರದ ಹತ್ರ ಬಂದ. ಡಬ್ಬಿಯೊಳಗೆ ಟಿಕ್... ಟಿಕ್... ದೀಪ ಬದಲಾಗೋ ಸದ್ದು. ಅದು ಇರೋದೇ. ಆಮೇಲೆ ಕಿರ್ರ್... ಬೀಗ ಹಾಕಿದ ಬಾಗಿಲು ತಾನೇ ತೆರಕೊಂತು. ಒಳಗೆ ಒಂದು ಬಲ್ಬು ಉರೀತಿತ್ತು. ಅವನೇ ಕಟ್ಟಿದ್ದು.

ಕೆಂಪು ದೀಪ ಸುಟ್ಟುಹೋದರೆ ಡಬ್ಬಿಗೆ ತಿಳೀತೈತೆ. ಆ ವೈರಿನಾಗೆ ಕರೆಂಟು ಹರಿಯಲ್ಲ. ಆಗ ಅದು ಯಾರಿಗೂ ಹಸಿರು ಕೊಡಲ್ಲ. ನಾಕೂ ಕಡೆ ಹಳದಿ ಮಿಣುಕಿಸತೈತೆ, ನೋಡ್ಕೊಂಡು ಹೋಗ್ರಿ ಅಂತ. ಹಂಗೆ ಮಿಣುಕಿದಾಗೆಲ್ಲ ಇವರು ರಿಪೇರಿಗೆ ಓಡಿ ಬರಬೇಕು. ಅದಕ್ಕೆ ಗುತ್ತಿಗೆದಾರ ಇವನ ಕೈಲೇ ಕೆಂಪಿನ ವೈರಿಗೆ ಒಳಗೇ ಒಂದು ಬಲ್ಬು ಕಟ್ಟಿಸಿದ್ದ. ಹೊರಗೆ ಕೆಂಪು ಸತ್ತರೂ ಒಳಗೆ ಬಲ್ಬು ಕರೆಂಟು ಕುಡೀತೈತೆ. ಡಬ್ಬಿ ಮೋಸ ಹೋಗಿ, ದಾಟೋರಿಗೆ ಹಸಿರು ಕೊಡತೈತೆ.

ಹಿಂದಿನಿಂದ ಪಿಸುಮಾತು...

“ತೆಗಿಯಪ್ಪ ಅದನ್ನ.”

“ಯಾರು...?”

“ನಾ ನೋಡೇ ದಾಟಿದ್ದೆ, ಮುದ್ದು.”

ಅವನನ್ನ ಮುದ್ದು ಅಂತ ಕರಿಯೋಳು ರಂಗವ್ವ ಒಬ್ಬಳೇ. ಅವನು ತಿರುಗಲಿಲ್ಲ. ಬಲ್ಬು ತಿರುವಿ ತೆಗೆದ. ಬೆರಳು ಸುಟ್ಟವು. ಟಕ್ ಅಂತು. ಹೊರಗಿನ ಕೆಂಪು ಆಕಿ ಸತ್ತ ಮೇಲೆ ಹಾಕಿದ ಹೊಸದು, ಚೆನ್ನಾಗೇ ಉರೀತಿತ್ತು. ಮಿಣುಕಾಕೆ ಕಾರಣ ಇಲ್ಲ. ಆದರೂ ನಾಕೂ ಕಡೆ ಹಳದಿ ಮಿಣುಕಿತು.

ಸೀದಾ ಬಂದು ನನ್ನ ಬಾಗಿಲು ಬಡಿದ. ಎಲ್ಲ ಹೇಳಿದ. ಕಪಾಳಕ್ಕೆ ಒಂದು ಬಿಟ್ಟೆ. ಆಮೇಲೆ ನೀರು ಕೊಟ್ಟೆ.

ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿಗೆ ಹೋದ್ವಿ. ಬಲ್ಬು ಮೇಜಿನ ಮೇಲೆ ಇಟ್ಟೆ. ದೆವ್ವದ ಮಾತೆಲ್ಲ ಬರಕೊಳ್ಳಾಕೆ ಬರಲ್ಲ ಅಂದರು ಸಾಹೇಬರು.

“ದೆವ್ವ ಬ್ಯಾಡ್ರಿ. ಬಲ್ಬು ಬರೀರಿ.”

ಬರಿಯೋತನಕ ಏಳಲಿಲ್ಲ. ಸಂಜೆಗೆ ಬರೆದರು.

ಅದು ತಿಳಿದ ಗುತ್ತಿಗೆದಾರ ಗುರುತು ಸಿಗಬಾರದು ಅಂತ ದೀಪ ಬಿಚ್ಚಿದ, ಡಬ್ಬಿ ಕಿತ್ತು ಹರಿಹರಕ್ಕೆ ಸಾಗಿಸಿದ. ಈಗ ಬರೀ ಕಂಬ ನಿಂತಾವೆ. ದಿನಾ ರಾತ್ರಿ ಅಲ್ಲಿ ಹೋಗಿ ಕೂಡತೀನಿ. ಹೋಗಬ್ಯಾಡ ಅಂತಾರೆ. ಹೋಗತೀನಿ. ನನ್ನ ಹೆಂಡ್ತಿ, ನನಗೆಂಥ ಹೆದರಿಕಿ. ಆದರೆ ನನಗೆ ಏನೂ ಕಂಡಿಲ್ಲ... ಒಂದು ದಿನಾನೂ.

ಹರಿಹರದ ಕಡೆಯಿಂದ ಬರೋ ಲಾರಿ ಮಾತ್ರ ಒಂದೊಂದೂ ಅಲ್ಲಿ ನಿಧಾನ ಆಗತೈತೆ. ಮೊನ್ನೆ ಒಬ್ಬ ಡ್ರೈವರನ್ನ ಯಾಕಪ್ಪ ಅಂತ ಕೇಳಿದೆ.

“ಹಳದಿ ಮಿಣುಕತೈತಲ್ಲಜ್ಜ.”

ತಿರುಗಿ ನೋಡಿದೆ. ಬರೀ ಕಂಬ. ಸುಳ್ಳು ಹೇಳಿ ನನಗೇನಾಗಬೇಕು, ಇದ್ದದ್ದು ಇದ್ದಂಗೆ ಹೇಳೀನಿ. ಅವನು ಗೇರು ಹಾಕಿದ. ಎರಡೂ ಕಡೆ ನೋಡಿದ. ಮೆಲ್ಲಗೆ ದಾಟಿದ.